ಕೈ ಬೀಸಿದ್ದು ಯಂತ್ರಕ್ಕೆ ತಿಳಿಯುವುದು ಹೇಗೆ?

ವಿಡಿಯೋ ಆಟ ಎಂದೊಡನೆ ಶಿಕ್ಷಕರಾದ ನಮಗೆ ಮೊದಲು ನೆನಪಾಗುವುದು ಮಕ್ಕಳ ಹಾಳಾಗುವ ಸಮಯ. ಆದರೂ 2006ರ ನವೆಂಬರಿನಲ್ಲಿ ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ ಮಾರುಕಟ್ಟೆಗೆ ತಂದ ‘ವೀ’ ಎಂಬ ಮನೆಬಳಕೆಯ ಆಟದ ಯಂತ್ರವನ್ನು ಭೌತವಿಜ್ಞಾನದ ದೃಷ್ಟಿಯಿಂದ ನೋಡುವುದು ಲಾಭದಾಯಕ. ಅದುವರೆಗಿನ ಹೆಚ್ಚಿನ ಆಟಗಳಲ್ಲಿ ಹೆಬ್ಬೆರಳಿನಿಂದ ಗುಂಡಿ ಒತ್ತುವುದೇ ಮುಖ್ಯವಾಗಿತ್ತು. ವೀ ಯಂತ್ರದಲ್ಲಿ ಟಿ.ವಿ. ರಿಮೋಟಿನಂಥ ಒಂದು ಕೋಲನ್ನು ಹಿಡಿದು ಕೈ ಬೀಸಿದರೆ ಪರದೆಯ ಮೇಲಿನ ಆಟಗಾರನೂ ಬ್ಯಾಟು ಬೀಸುತ್ತಿದ್ದ. ಹತ್ತು ಕೋಟಿಗೂ ಹೆಚ್ಚು ವೀ ಯಂತ್ರಗಳು ಮಾರಾಟವಾದವು.

ಕೈ ಬೀಸಿ ಕೆಲಸ ಮಾಡುವುದು ಮನುಷ್ಯನಿಗೆ ಹೊಸದಲ್ಲ. ಸುರಪುರ ಸೀಮೆಯ ಇಸಾಂಪುರದ ಉತ್ಖನನದಲ್ಲಿ ದೊರೆತ ಕಲ್ಲಿನ ಕೈಗೊಡಲಿಗಳ ವಯಸ್ಸನ್ನು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಲಾಗಿದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವನಿಗೆ ಆ ಚಲನೆಯನ್ನು ಪುಸ್ತಕ ನೋಡಿ ಕಲಿಯಬೇಕಿಲ್ಲ. ಹೀಗಾಗಿ ಗುಂಡಿಗಳ ಆಟಕ್ಕೆ ಹತ್ತಿರ ಸುಳಿಯದ ಹಿರಿಯರೂ ಈ ಆಟಗಳನ್ನು ಆಡಿದರು.

ಈ ಯಂತ್ರಕ್ಕಾಗಿ 2006ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ವಾರಿಯೋವೇರ್: ಸ್ಮೂತ್ ಮೂವ್ಸ್’ ಎಂಬ ಆಟವನ್ನೇ ನಮ್ಮ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮನೆಮಂದಿ, ಗೆಳೆಯರು ಸೇರಿದಾಗ ಆಡುವ ಈ ಮೋಜಿನ ಆಟದಲ್ಲಿ 200ಕ್ಕೂ ಹೆಚ್ಚು ಕಿರು ಆಟಗಳಿವೆ. ಒಂದೊಂದೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಕಿರು ಆಟದ ಮುನ್ನ ಕೋಲನ್ನು ಹೇಗೆ ಹಿಡಿಯಬೇಕೆಂದು ಪರದೆ ಸೂಚಿಸುತ್ತದೆ. ಒಮ್ಮೆ ಕೊಡೆಯಂತೆ ನೆಟ್ಟಗೆ, ಒಮ್ಮೆ ಅಂಗೈ ಮೇಲೆ ತಟ್ಟೆಯಂತೆ, ಇನ್ನೊಮ್ಮೆ ಮೂಗಿನ ಮುಂದೆ ಆನೆಯ ಸೊಂಡಿಲಿನಂತೆ. ನೋಡುವವರಿಗೆ ನಗು ಬರುತ್ತದೆ. ಆದರೆ ‘ಹೀಗೇ ಹಿಡಿ’ ಎಂದು ಆಟ ಹೇಳುವುದೇಕೆ? ಹಿಡಿದ ರೀತಿಯನ್ನು ಯಂತ್ರ ತಾನೇ ಕಂಡುಕೊಳ್ಳಲಾರದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನ್ಯೂಟನ್‌ನಿಂದ ಐನ್‌ಸ್ಟೈನ್‌ವರೆಗಿನ ಭೌತವಿಜ್ಞಾನ ತೆರೆದುಕೊಳ್ಳುತ್ತದೆ.

ಯಾದಗಿರಿ, ಶಹಾಪುರ, ಸುರಪುರಗಳ ಶಾಲೆಗಳಲ್ಲಿ ಇದನ್ನು ಪರೀಕ್ಷಿಸಲು ವೀ ಯಂತ್ರ ಬೇಕಿಲ್ಲ. ಆ ಕೋಲಿನಲ್ಲಿದ್ದ ಮುಖ್ಯ ಭಾಗವೇ ಇಂದು ಸ್ಮಾರ್ಟ್‌ಫೋನುಗಳಲ್ಲಿ ಕುಳಿತಿದೆ. ಬಲ ಮತ್ತು ಚಲನೆಯ ಪಾಠಕ್ಕೆ ಪ್ರಯೋಗ ಸಾಮಗ್ರಿ ಸಾಲದು ಎನ್ನುವ ಶಿಕ್ಷಕರ ಜೇಬಿನಲ್ಲೇ ಒಂದು ಸಣ್ಣ ಪ್ರಯೋಗಶಾಲೆ ಇದೆ ಎಂದಾಯಿತು.

ಕೋಲಿನೊಳಗಿನ ತ್ರಾಸು

ಆ ಭಾಗದ ಹೆಸರು ಅಕ್ಸೆಲೆರೋಮೀಟರ್. ಕನ್ನಡದಲ್ಲಿ ವೇಗೋತ್ಕರ್ಷಮಾಪಕ ಎನ್ನೋಣ. ಅದರ ತತ್ತ್ವ ನೀವು ಬಲ್ಲ ಸ್ಪ್ರಿಂಗ್ ತ್ರಾಸಿನದೇ. ಒಂದು ಸಣ್ಣ ದ್ರವ್ಯರಾಶಿಯನ್ನು ಸ್ಪ್ರಿಂಗುಗಳಿಂದ ಚೌಕಟ್ಟಿಗೆ ಕಟ್ಟಲಾಗಿದೆ ಎಂದು ಭಾವಿಸಿ. ಚೌಕಟ್ಟನ್ನು ತಟ್ಟನೆ ಬಲಕ್ಕೆ ತಳ್ಳಿದರೆ ಜಡತ್ವದಿಂದಾಗಿ ದ್ರವ್ಯರಾಶಿ ಹಿಂದುಳಿಯುತ್ತದೆ, ಸ್ಪ್ರಿಂಗು ಹಿಗ್ಗುತ್ತದೆ. ಎಷ್ಟು ಹಿಗ್ಗಿತು ಎಂಬುದರಿಂದ ಬಲವೂ, ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷವೂ ತಿಳಿಯುತ್ತದೆ. ಹೊರಡುವ ಬಸ್ಸಿನಲ್ಲಿ ನಿಂತವರು ಹಿಂದಕ್ಕೆ ವಾಲುವುದು ಇದೇ ಕಾರಣಕ್ಕೆ.

ವೀ ಕೋಲಿನಲ್ಲಿ ಬಳಸಿದ ಮಾಪಕವನ್ನು ಅಮೆರಿಕದ ಅನಲಾಗ್ ಡಿವೈಸಸ್ ಕಂಪನಿ ತಯಾರಿಸಿತ್ತು. ಅದರ ಹೊರಕವಚ 4 ಮಿ.ಮೀ. ಉದ್ದ, 4 ಮಿ.ಮೀ. ಅಗಲ. ಇಂಥ ಮಾಪಕದಲ್ಲಿ ದ್ರವ್ಯರಾಶಿ, ಸ್ಪ್ರಿಂಗು ಎರಡನ್ನೂ ಸಿಲಿಕಾನಿನಲ್ಲೇ ಕೊರೆದಿರುತ್ತಾರೆ. ದ್ರವ್ಯರಾಶಿಯ ಅಂಚಿನಲ್ಲಿ ಬಾಚಣಿಕೆಯ ಹಲ್ಲುಗಳಂಥ ರಚನೆಗಳಿದ್ದು, ಅವು ಸ್ಥಿರವಾದ ಹಲ್ಲುಗಳ ನಡುವೆ ನಿಂತಿರುತ್ತವೆ. ಎರಡೂ ಸೇರಿ ಒಂದು ಧಾರಕವಾಗುತ್ತದೆ. ಧಾರಕದ ಫಲಕಗಳ ನಡುವಿನ ಅಂತರ ಬದಲಾದರೆ ಅದು ಹಿಡಿದಿಡಬಲ್ಲ ವಿದ್ಯುದಾವೇಶವೂ ಬದಲಾಗುತ್ತದೆ ಎಂಬುದನ್ನು ಪಿ.ಯು. ತರಗತಿಯಲ್ಲಿ ಓದಿದ್ದೀರಿ. ಹಲ್ಲುಗಳ ಅಲುಗಾಟವನ್ನು ವಿದ್ಯುತ್ ಸಂಕೇತವನ್ನಾಗಿಸುವುದು ಈ ಬದಲಾವಣೆಯೇ.

ಅಲುಗಾಟ ಎಷ್ಟಿರಬಹುದು? ದ್ರವ್ಯರಾಶಿ ಮತ್ತು ಸ್ಪ್ರಿಂಗಿನ ಸ್ವಾಭಾವಿಕ ಆವೃತ್ತಿ 5.5 ಕಿಲೋಹರ್ಟ್ಸ್ ಎಂದಿಟ್ಟುಕೊಳ್ಳಿ. ವೇಗೋತ್ಕರ್ಷವನ್ನು ಕೋನೀಯ ಆವೃತ್ತಿಯ ವರ್ಗದಿಂದ ಭಾಗಿಸಿದರೆ ಸ್ಥಾನಪಲ್ಲಟ ಸಿಗುತ್ತದೆ. ಭೂಮಿಯ ಗುರುತ್ವದಷ್ಟು, ಅಂದರೆ 1 ಜಿ ವೇಗೋತ್ಕರ್ಷಕ್ಕೆ ಅದು ಸುಮಾರು 8 ನ್ಯಾನೋಮೀಟರ್. ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು! ಪರಸ್ಪರ ಲಂಬವಾದ ಮೂರು ದಿಕ್ಕುಗಳಲ್ಲಿಯೂ ಹೀಗೆ ಅಳೆಯಲಾಗುತ್ತದೆ. ಇಂಥ ಸಿಲಿಕಾನ್ ಮಾಪಕಗಳು 1990ರ ದಶಕದ ಆರಂಭದಲ್ಲಿ ಕಾರುಗಳಿಗೆ ಬಂದವು. ಡಿಕ್ಕಿಯಾದ ಕ್ಷಣದಲ್ಲಿ ಗಾಳಿಚೀಲ ತೆರೆಯುವಂತೆ ಸೂಚನೆ ಕೊಡುವುದು ಅವುಗಳ ಕೆಲಸವಾಗಿತ್ತು. ಬೆಲೆ ಇಳಿದ ಮೇಲೆ ಆಟಿಕೆಗೂ ಫೋನಿಗೂ ಇಳಿದು ಬಂದವು.

ಸುಮ್ಮನಿದ್ದಾಗ 9.78, ಬೀಳುವಾಗ ಸೊನ್ನೆ

ಈಗ ಒಂದು ಪ್ರಯೋಗ. ಜರ್ಮನಿಯ ಆಕೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ‘ಫೈಫಾಕ್ಸ್’ ಎಂಬ ಉಚಿತ ತಂತ್ರಾಂಶವನ್ನು ಫೋನಿಗೆ ಇಳಿಸಿಕೊಳ್ಳಿ. ಫೋನಿನ ಮಾಪಕಗಳು ಅಳೆದದ್ದನ್ನು ಅದು ನಕ್ಷೆಯಾಗಿ ತೋರಿಸುತ್ತದೆ. ವೇಗೋತ್ಕರ್ಷದ ಭಾಗವನ್ನು ಆಯ್ದುಕೊಳ್ಳುವಾಗ ‘ಗುರುತ್ವ ಸಹಿತ’ ಎಂಬುದನ್ನೇ ಆಯ್ದುಕೊಳ್ಳಿ. ಫೋನನ್ನು ಮೇಜಿನ ಮೇಲೆ ಮಲಗಿಸಿ.

ಫೋನು ಅಲುಗಾಡುತ್ತಿಲ್ಲ. ಅದರ ವೇಗೋತ್ಕರ್ಷ ಸೊನ್ನೆ. ಆದರೆ ಪರದೆ ಸೆಕೆಂಡ್ ವರ್ಗಕ್ಕೆ 9.8 ಮೀಟರಿನಷ್ಟನ್ನು ತೋರಿಸುತ್ತದೆ, ಅದೂ ಮೇಲ್ಮುಖವಾಗಿ! ಮಾಪಕ ಕೆಟ್ಟಿದೆ ಎಂದು ವಿದ್ಯಾರ್ಥಿ ಹೇಳಿದರೆ ಗದರಿಸಬೇಡಿ. ಆತ ಎರಡನೇ ನಿಯಮವನ್ನು ಸರಿಯಾಗಿಯೇ ಬಳಸಿದ್ದಾನೆ. ತೊಡಕು ಮಾಪಕದ ಹೆಸರಿನಲ್ಲಿದೆ. ಅದು ಅಳೆಯುವುದು ಸ್ಪ್ರಿಂಗಿನ ಎಳೆತವನ್ನು ಮಾತ್ರ. ಮೇಜು ಫೋನನ್ನು ಮೇಲಕ್ಕೆ ಒತ್ತಿ ಹಿಡಿದಿದೆ, ಫೋನಿನೊಳಗಿನ ಸ್ಪ್ರಿಂಗು ದ್ರವ್ಯರಾಶಿಯನ್ನು ಮೇಲಕ್ಕೆ ಎತ್ತಿ ಹಿಡಿದಿದೆ. ಆ ಆಸರೆಯ ಬಲವೇ ಪರದೆಯ ಮೇಲೆ ಕಾಣುವ ಸಂಖ್ಯೆ. ಗುರುತ್ವ ಮಾತ್ರ ಚೌಕಟ್ಟನ್ನೂ ದ್ರವ್ಯರಾಶಿಯನ್ನೂ ಸಮನಾಗಿ ಎಳೆಯುವುದರಿಂದ, ಅದೊಂದರಿಂದಲೇ ಸ್ಪ್ರಿಂಗು ಹಿಗ್ಗುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ನಾಲ್ಕಾರು ಕೌದಿಗಳನ್ನು ಮಡಚಿ ಒಂದರ ಮೇಲೊಂದು ಹಾಸಿ. ಅವುಗಳಿಂದ 1 ಮೀಟರ್ ಎತ್ತರದಲ್ಲಿ ಫೋನನ್ನು ಅಡ್ಡವಾಗಿ ಹಿಡಿದು ಬಿಡಿ. ಬೀಳುತ್ತಿರುವ ಫೋನಿನ ವೇಗ ಹೆಚ್ಚುತ್ತಲೇ ಇರುತ್ತದೆ. ಆದರೂ ನಕ್ಷೆ ಸುಮಾರು 0.45 ಸೆಕೆಂಡಿನವರೆಗೆ ಸೊನ್ನೆಯ ಹತ್ತಿರ ನಿಂತು, ಕೌದಿಗೆ ತಾಗಿದೊಡನೆ ಜಿಗಿಯುತ್ತದೆ. ಎತ್ತರದ ಎರಡರಷ್ಟನ್ನು ಈ ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ ವೇಗೋತ್ಕರ್ಷವೇ ಸಿಗುತ್ತದೆ. ಭೂಮಿಯನ್ನು ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಗುರುತ್ವ ನೆಲದಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿದೆ. ಅಲ್ಲಿಯೂ ತೇಲುವ ಫೋನು ತೋರಿಸುವುದು ಸೊನ್ನೆಯನ್ನೇ, ಏಕೆಂದರೆ ಅದೂ ಬೀಳುತ್ತಲೇ ಇದೆ. ‘ತೂಕವಿಲ್ಲದ ಸ್ಥಿತಿ’ ಎಂದರೆ ಗುರುತ್ವವಿಲ್ಲದ ಸ್ಥಿತಿ ಎಂಬ ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಾರದು.

ಯಾದಗಿರಿಯ ಅಕ್ಷಾಂಶ ಸುಮಾರು 16.8 ಡಿಗ್ರಿ ಉತ್ತರ. ಈ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 9.78ರಷ್ಟು ಬರುತ್ತದೆ. ನಿಮ್ಮ ಫೋನು 9.6 ಅಥವಾ 9.9 ತೋರಿಸಿದರೆ ಅದು ಮಾಪಕದ ದೋಷ. ಫೋನನ್ನು ಒಮ್ಮೆ ಅಂಗಾತ, ಒಮ್ಮೆ ಬೋರಲು ಇಟ್ಟು, ಎರಡೂ ಅಳತೆಗಳನ್ನು ಧನ, ಋಣ ಚಿಹ್ನೆಗಳ ಸಮೇತ ಕೂಡಿ ಅರ್ಧ ಮಾಡಿದರೆ ಸೊನ್ನೆಯ ದೋಷ ಎಷ್ಟೆಂದು ತಿಳಿಯುತ್ತದೆ.

ಪಂಚಮಿಯ ಜೋಕಾಲಿ

ನಾಗರ ಪಂಚಮಿಗೆ ನಮ್ಮ ಭಾಗದ ಊರುಗಳಲ್ಲಿ ಮರಗಳಿಗೆ ಜೋಕಾಲಿ ಕಟ್ಟುವುದು ವಾಡಿಕೆ. ಜೋಕಾಲಿಯ ಹಲಗೆಗೆ ಒಂದು ಕಲ್ಲನ್ನೂ, ಬಟ್ಟೆಯಲ್ಲಿ ಸುತ್ತಿದ ಫೋನನ್ನೂ ಬಿಗಿಯಾಗಿ ಕಟ್ಟಿ. ಹಗ್ಗದ ಉದ್ದ 3 ಮೀಟರ್ ಇರಲಿ. ಹಲಗೆಯನ್ನು ಹಗ್ಗ ಸಡಿಲಾಗದಂತೆ ಪಕ್ಕಕ್ಕೆಳೆದು, ತಳಮಟ್ಟಕ್ಕಿಂತ 60 ಸೆಂ.ಮೀ. ಮೇಲೆ ಬರುವಂತೆ ಮಾಡಿ ಬಿಟ್ಟುಬಿಡಿ.

ಶಕ್ತಿ ಸಂರಕ್ಷಣೆ ಮತ್ತು ಕೇಂದ್ರಾಭಿಮುಖ ವೇಗೋತ್ಕರ್ಷದ ಸೂತ್ರಗಳನ್ನು ಸೇರಿಸಿದರೆ ಸರಳ ಫಲಿತಾಂಶ ದೊರೆಯುತ್ತದೆ. ಏರಿದ ಎತ್ತರವನ್ನು ಹಗ್ಗದ ಉದ್ದದಿಂದ ಭಾಗಿಸಿ. ಇಲ್ಲಿ ಅದು 0.2. ತುದಿಯಲ್ಲಿ ಮಾಪಕ 1ರಿಂದ 0.2 ಕಳೆದಷ್ಟು, ಅಂದರೆ 0.8 ಜಿ ತೋರಿಸಬೇಕು. ತಳದಲ್ಲಿ 1ಕ್ಕೆ 0.2ರ ಎರಡರಷ್ಟನ್ನು ಕೂಡಿ 1.4 ಜಿ ತೋರಿಸಬೇಕು. ನಮ್ಮ ಊರಿನ ಗುರುತ್ವಕ್ಕೆ ಇವು 7.8 ಮತ್ತು 13.7. ಗಾಳಿಯ ತಡೆಯಿಂದ ಕೊಂಚ ವ್ಯತ್ಯಾಸ ಬರಬಹುದು.

ಇದಕ್ಕಿಂತ ಸ್ವಾರಸ್ಯಕರವಾದುದು ಇನ್ನೊಂದಿದೆ. ಜೋಕಾಲಿ ಸಾಗುವ ದಿಕ್ಕಿನ ಅಳತೆಯನ್ನು ನೋಡಿ. ಹಲಗೆ ರಭಸದಿಂದ ಮುಂದೆ ಹಿಂದೆ ಹೋಗುತ್ತಿದ್ದರೂ ಆ ದಿಕ್ಕಿನಲ್ಲಿ ಮಾಪಕ ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸುತ್ತದೆ. ಹಗ್ಗ ತನ್ನ ಉದ್ದಕ್ಕೆ ಮಾತ್ರ ಎಳೆಯಬಲ್ಲದು. ಸಾಗುವ ದಿಕ್ಕಿನಲ್ಲಿ ಹಲಗೆಯ ವೇಗವನ್ನು ಹೆಚ್ಚು ಕಡಿಮೆ ಮಾಡುವುದು ಗುರುತ್ವದ ಒಂದು ಭಾಗ, ಗುರುತ್ವವನ್ನು ಮಾಪಕ ಅರಿಯದು. ಕಣ್ಣು ಮುಚ್ಚಿ ಜೋಕಾಲಿಯಲ್ಲಿ ಕುಳಿತವರಿಗೆ ಹಲಗೆ ಒತ್ತಿದಂತೆ, ಸಡಿಲಾದಂತೆ ಅನಿಸುವುದೂ ಇದರಿಂದಲೇ.

ಕೈ ಎಲ್ಲಿದೆ ಎಂದು ಹೇಳುವುದು ಏಕೆ ಕಷ್ಟ

ವೇಗೋತ್ಕರ್ಷವನ್ನು ಕಾಲದೊಡನೆ ಒಮ್ಮೆ ಅನುಕಲಿಸಿದರೆ ವೇಗ, ಮತ್ತೊಮ್ಮೆ ಅನುಕಲಿಸಿದರೆ ಸ್ಥಾನ ಸಿಗಬೇಕಲ್ಲವೆ? ಗಣಿತದಲ್ಲಿ ಹೌದು. ಆದರೆ ಕೋಲಿನಲ್ಲಿ ಹಾಗೆ ಮಾಡಲು ಮೊದಲು ಅಳತೆಯಿಂದ ಆಸರೆಯ 1 ಜಿ ಅನ್ನು ಕಳೆಯಬೇಕು. ಅದಕ್ಕೆ ‘ಮೇಲೆ’ ಯಾವ ಕಡೆಗಿದೆ ಎಂದು ತಿಳಿದಿರಬೇಕು. ಕೋಲಿನ ಓರೆಯನ್ನು ಅಂದಾಜಿಸುವಾಗ ಬರೀ 1 ಡಿಗ್ರಿ ತಪ್ಪಿದೆ ಎನ್ನೋಣ. ಆಗ ಗುರುತ್ವದ ಸುಮಾರು ಅರವತ್ತರಲ್ಲಿ ಒಂದು ಭಾಗ, ಅಂದರೆ 0.17 ಮೀಟರಿನಷ್ಟು ವೇಗೋತ್ಕರ್ಷ ಸುಳ್ಳಾಗಿ ಉಳಿದುಕೊಳ್ಳುತ್ತದೆ. ಅದರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿ. 5 ಸೆಕೆಂಡಿನಲ್ಲಿ ಸುಮ್ಮನೆ ಹಿಡಿದ ಕೋಲು 2 ಮೀಟರ್ ಸರಿಯಿತು ಎಂದು ಯಂತ್ರ ತಿಳಿಯುತ್ತದೆ. 10 ಸೆಕೆಂಡಿನಲ್ಲಿ ಎಂಟೂವರೆ ಮೀಟರ್. ಒಂದು ನಿಮಿಷದಲ್ಲಿ 300 ಮೀಟರ್ ದಾಟುತ್ತದೆ!

ಓರೆಯನ್ನು ಸರಿಯಾಗಿ ತಿಳಿಯಬಾರದೇಕೆ? ಯಾದಗಿರಿಯಿಂದ ಶಹಾಪುರಕ್ಕೆ ಹೊರಟ ಬಸ್ಸನ್ನು ನೆನೆಯಿರಿ. ಸಮತಟ್ಟಾದ ರಸ್ತೆಯಲ್ಲಿ ಬಸ್ಸು ಸೆಕೆಂಡ್ ವರ್ಗಕ್ಕೆ 1.7 ಮೀಟರ್ ವೇಗೋತ್ಕರ್ಷದಿಂದ ಮುನ್ನುಗ್ಗಿದರೆ, ಸೀಟಿನ ಮೇಲಿನ ಫೋನಿಗೆ ತಾನು ಸುಮಾರು 10 ಡಿಗ್ರಿ ಓರೆಯಾದಂತೆ ತೋರುತ್ತದೆ. ಕಿಟಕಿಗಳನ್ನು ಮುಚ್ಚಿದರೆ, ಬಸ್ಸು ಏರು ರಸ್ತೆಯಲ್ಲಿ ನಿಂತಿದೆಯೋ ಸಮತಟ್ಟಿನಲ್ಲಿ ವೇಗ ಹೆಚ್ಚಿಸುತ್ತಿದೆಯೋ ಎಂದು ಆ ದಿಕ್ಕಿನಿಂದಷ್ಟೇ ಹೇಳಲಾಗದು. 1907ರಲ್ಲಿ ಐನ್‌ಸ್ಟೈನ್ ಮುಂದಿಟ್ಟ ಸಮಾನತಾ ತತ್ತ್ವದ ತಿರುಳು ಇದೇ: ಮುಚ್ಚಿದ ಪೆಟ್ಟಿಗೆಯೊಳಗೆ ಕುಳಿತು ಗುರುತ್ವವನ್ನೂ ವೇಗೋತ್ಕರ್ಷವನ್ನೂ ಬೇರ್ಪಡಿಸಲು ಸಾಧ್ಯವಿಲ್ಲ. ಆಟದ ಕೋಲಿನ ಈ ಮಿತಿ ಅಗ್ಗದ ಬಿಡಿಭಾಗದಿಂದ ಬಂದದ್ದಲ್ಲ. ಎಷ್ಟೇ ದುಬಾರಿ ಮಾಪಕ ಹಾಕಿದರೂ ಅದು ಉಳಿಯುತ್ತದೆ.

ಅಳತೆಯ ವ್ಯಾಪ್ತಿಯೂ ಅಡ್ಡ ಬರುತ್ತದೆ. ವೀ ಕೋಲಿನ ಮಾಪಕದ ವ್ಯಾಪ್ತಿ ಎರಡೂ ಕಡೆಗೆ 3 ಜಿ. 60 ಸೆಂ.ಮೀ. ತೋಳಿನ ತುದಿಯಲ್ಲಿ ಕೋಲು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ತಿರುಗಿದರೆ ಕೇಂದ್ರಾಭಿಮುಖ ವೇಗೋತ್ಕರ್ಷವೇ 6 ಜಿ ಆಗುತ್ತದೆ. ಜೋರಾದ ಹೊಡೆತದ ನಡುಭಾಗವನ್ನು ಮಾಪಕ ಅಳೆಯಲಾರದು.

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳಬಹುದು. ಕೊಡೆಯಂತೆ ಹಿಡಿ, ತಟ್ಟೆಯಂತೆ ಹಿಡಿ ಎಂಬ ತಮಾಷೆಯ ಆದೇಶಗಳು ಗಣಿತದಲ್ಲಿ ನಾವು ಹೇಳುವ ಆರಂಭಿಕ ಸ್ಥಿತಿಗಳೇ. ಆಟಗಾರ ಕೋಲನ್ನು ಹೀಗೆ ಹಿಡಿದಿದ್ದಾನೆ ಎಂದು ಮೊದಲೇ ಗೊತ್ತಿದ್ದರೆ, ಮುಂದಿನ ಅಳತೆಗಳಿಗೆ ಅರ್ಥ ಹಚ್ಚುವುದು ಸುಲಭ. ಒಟ್ಟು ಅಳತೆ 1 ಜಿ ಹತ್ತಿರ ನಿಂತಿದ್ದರೆ ಕೈ ಸುಮ್ಮನಿದೆ ಎಂದುಕೊಂಡು ಓರೆಯನ್ನು ಲೆಕ್ಕ ಹಾಕಬಹುದು. ಅಳತೆ ತಟ್ಟನೆ ಏರಿದರೆ ಕೈ ಬೀಸಿದ ಎನ್ನಬಹುದು. ಕೈ ಎಲ್ಲಿದೆ ಎಂದು ಹುಡುಕುವ ಗೋಜೇ ಬೇಡ. ಕೆಲವೇ ಸೆಕೆಂಡುಗಳಲ್ಲಿ ಆಟ ಮುಗಿದು ಹೊಸ ಆರಂಭಿಕ ಸ್ಥಿತಿ ಬರುವುದರಿಂದ ದೋಷ ಬೆಳೆಯಲು ಅವಕಾಶವೂ ಇಲ್ಲ. ಭೌತವಿಜ್ಞಾನದ ಮಿತಿಯನ್ನೇ ವಿನೋದವಾಗಿಸಿದ ಜಾಣತನ ಇದು.

ಹೊರಗಿನ ಸಾಕ್ಷಿ: ಎರಡು ದೀಪಗಳು

ಪರದೆಯ ಒಂದು ಜಾಗದತ್ತ ಗುರಿಯಿಡಬೇಕಾದ ಆಟಗಳಲ್ಲಿ ಪೆಟ್ಟಿಗೆಯ ಕಿಟಕಿ ತೆರೆಯಲೇಬೇಕು. ಅದಕ್ಕಾಗಿ ಕೋಲಿನ ತುದಿಯಲ್ಲಿ ಅವಕೆಂಪು ಬೆಳಕನ್ನು ಮಾತ್ರ ಕಾಣುವ ಪುಟ್ಟ ಕ್ಯಾಮೆರಾ ಇದೆ. ಟಿ.ವಿ.ಯ ಬಳಿ ಇಡುವ ‘ಸೆನ್ಸರ್ ಪಟ್ಟಿ’ಯ ಹೆಸರು ದಾರಿ ತಪ್ಪಿಸುವಂಥದು. ಅದು ಏನನ್ನೂ ಗ್ರಹಿಸುವುದಿಲ್ಲ. ಸುಮಾರು 20 ಸೆಂ.ಮೀ. ದೂರದಲ್ಲಿ ಎರಡು ಅವಕೆಂಪು ದೀಪಗುಚ್ಛಗಳನ್ನು ಉರಿಸುತ್ತದೆ, ಅಷ್ಟೆ. ಅದರ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೋಲು ಕೆಲಸ ಮಾಡುತ್ತಿತ್ತು!

ಕ್ಯಾಮೆರಾದ ಚಿತ್ರದಲ್ಲಿ ಎರಡು ಚುಕ್ಕೆಗಳು ಎಡಕ್ಕೆ ಸರಿದರೆ ಕೋಲು ಬಲಕ್ಕೆ ತಿರುಗಿದೆ. ಚುಕ್ಕೆಗಳನ್ನು ಸೇರಿಸುವ ಗೆರೆ ಓರೆಯಾದರೆ ಕೋಲು ಹೊರಳಿದೆ. ನಡುವಿನ ಅಂತರ ಅರ್ಧವಾದರೆ ಸಮರೂಪ ತ್ರಿಭುಜಗಳ ಪ್ರಕಾರ ಆಟಗಾರ ಎರಡರಷ್ಟು ದೂರಕ್ಕೆ ಹೋಗಿದ್ದಾನೆ. ಹತ್ತನೇ ತರಗತಿಯ ರೇಖಾಗಣಿತವೇ ಇಲ್ಲಿ ಸೆಕೆಂಡಿಗೆ ನೂರು ಬಾರಿ ನಡೆಯುತ್ತದೆ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿ ಜಾನಿ ಚಂಗ್ ಲೀ 2007ರಲ್ಲಿ ಇದನ್ನು ತಿರುವುಮುರುವಾಗಿಸಿದ. ಕೋಲನ್ನು ಒಂದೆಡೆ ಸ್ಥಿರವಾಗಿಟ್ಟು, ಅವಕೆಂಪು ದೀಪವಿರುವ ಪೆನ್ನನ್ನು ಕೈಯಲ್ಲಿ ಹಿಡಿದ. ಪೆನ್ನು ಸಾಗಿದಲ್ಲೆಲ್ಲ ಗಣಕಯಂತ್ರ ಗೆರೆ ಎಳೆಯಿತು. ದುಬಾರಿ ಎಲೆಕ್ಟ್ರಾನಿಕ್ ಕರಿಹಲಗೆಯ ಕೆಲಸ ಆಟಿಕೆಯೊಂದರಿಂದ ಆಯಿತು. ಆತ ತಂತ್ರಾಂಶವನ್ನು ಉಚಿತವಾಗಿ ಹಂಚಿದ್ದರಿಂದ ಅನೇಕ ಶಿಕ್ಷಕರು ಅದನ್ನು ತರಗತಿಗೆ ತಂದರು.

ತಿರುಗದ ಬುಗುರಿ

ವೇಗೋತ್ಕರ್ಷಮಾಪಕದ ಇನ್ನೊಂದು ಕುರುಡುತನವನ್ನು ಬೀಸುವ ಕಲ್ಲಿನಿಂದ ತೋರಿಸಬಹುದು. ಫೋನನ್ನು ಕಲ್ಲಿನ ನಟ್ಟನಡುವೆ ಮಲಗಿಸಿ ನಿಧಾನವಾಗಿ ತಿರುಗಿಸಿ. ಅಳತೆ ಬಹುಮಟ್ಟಿಗೆ ಬದಲಾಗುವುದೇ ಇಲ್ಲ. ಊರ್ಧ್ವ ಅಕ್ಷದ ಸುತ್ತ ತಿರುಗಿದರೆ ‘ಮೇಲೆ’ ಎಂಬ ದಿಕ್ಕು ಬದಲಾಗದಷ್ಟೆ. ಈ ಕೊರತೆ ತುಂಬಲು 2009ರಲ್ಲಿ ‘ಮೋಷನ್ ಪ್ಲಸ್’ ಎಂಬ ಸೇರ್ಪಡೆ ಬಂದಿತು. ಅದರಲ್ಲಿದ್ದುದು ಕೋನೀಯ ವೇಗವನ್ನು ಅಳೆಯುವ ಗೈರೋಸ್ಕೋಪ್. ಹಳೆಯ ಗೈರೋಸ್ಕೋಪಿನಲ್ಲಿ ಬುಗುರಿಯಂತೆ ಚಕ್ರ ತಿರುಗುತ್ತಿತ್ತು. ಇದರಲ್ಲಿ ಸಿಲಿಕಾನಿನ ತುಣುಕೊಂದು ಅತ್ತಿತ್ತ ಕಂಪಿಸುತ್ತಿರುತ್ತದೆ. ಕೋಲು ತಿರುಗಿದಾಗ ಕೊರಿಯೋಲಿಸ್ ಪರಿಣಾಮದಿಂದ ಆ ಕಂಪನ ಪಕ್ಕಕ್ಕೂ ಹೊರಳುತ್ತದೆ. ಹೊರಳಿದಷ್ಟೂ ತಿರುಗುವಿಕೆ ಹೆಚ್ಚು.

ನಿಮ್ಮ ಫೋನಿನಲ್ಲಿ ಗೈರೋಸ್ಕೋಪ್ ಇದ್ದರೆ, ಅದನ್ನು ಬೀಸುವ ಕಲ್ಲಿನ ಮೇಲೆ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಬಿಗಿಯಾಗಿ ಕಟ್ಟಿ, 2 ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. ಕೋನೀಯ ವೇಗ ಸೆಕೆಂಡಿಗೆ 3.14 ರೇಡಿಯನ್. ಅದರ ವರ್ಗವನ್ನು 0.2 ಮೀಟರಿನಿಂದ ಗುಣಿಸಿದರೆ ಸುಮಾರು 2. ವೇಗೋತ್ಕರ್ಷಮಾಪಕ ನಡುವಿನ ಕಡೆಗೆ ಇಷ್ಟನ್ನೇ ತೋರಿಸಬೇಕು.

ಆಟದಿಂದ ಚಂದ್ರನವರೆಗೆ

ಇದೇ ಸಮಸ್ಯೆಯನ್ನು ನಮ್ಮ ಇಸ್ರೊ ವಿಜ್ಞಾನಿಗಳೂ ಎದುರಿಸಿದ್ದಾರೆ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ‘ವಿಕ್ರಮ್’ ಇಳಿಯುವಾಗ ಅದರಲ್ಲಿ ಲೇಸರ್ ಗೈರೋಸ್ಕೋಪುಗಳೂ ವೇಗೋತ್ಕರ್ಷಮಾಪಕಗಳೂ ಇದ್ದವು. ಆಟಿಕೆಯದಕ್ಕಿಂತ ಅವು ಎಷ್ಟೋ ಪಟ್ಟು ನಿಖರ. ಆದರೂ ಅವನ್ನಷ್ಟೇ ನಂಬಲಿಲ್ಲ. ಎತ್ತರ ಅಳೆಯುವ ಸಾಧನಗಳು, ನೆಲದಿಂದ ಮರಳುವ ಲೇಸರ್ ಬೆಳಕಿನ ಡಾಪ್ಲರ್ ಪರಿಣಾಮದಿಂದ ವೇಗ ಅಳೆಯುವ ಸಾಧನ, ಕ್ಯಾಮೆರಾಗಳು ಎಲ್ಲವೂ ಹೊರಗಿನ ಸಾಕ್ಷಿ ನುಡಿದವು. ಒಳಗಿನ ಅಳತೆ ಚುರುಕು, ಆದರೆ ದೋಷ ಕೂಡುತ್ತ ಹೋಗುತ್ತದೆ. ಹೊರಗಿನ ಅಳತೆ ಆ ದೋಷವನ್ನು ಆಗಾಗ ತಿದ್ದುತ್ತದೆ. ಟಿ.ವಿ. ಮುಂದಿನ ಎರಡು ದೀಪಗಳು ಮಾಡುತ್ತಿದ್ದುದೂ ಅದನ್ನೇ.

ವೀ ಯಂತ್ರದ ಕಾಲ ಮುಗಿದಿದೆ. ಅದರ ಪಾಠ ಉಳಿದಿದೆ. ಈ ವರ್ಷದ ಬಲ ಮತ್ತು ಚಲನೆಯ ಅಧ್ಯಾಯವನ್ನು ಮೇಜಿನ ಮೇಲೆ ಸುಮ್ಮನೆ ಮಲಗಿದ ಫೋನಿನಿಂದ ಆರಂಭಿಸಿ ನೋಡಿ. ‘ಅಲುಗಾಡದ ಫೋನು 9.8 ಏಕೆ ತೋರಿಸುತ್ತದೆ?’ ಎಂದು ಕೇಳಿ, ಉತ್ತರ ಹೇಳಲು ಅವಸರಪಡಬೇಡಿ.

ಯೋಚಿಸಿ

1. ಫೋನನ್ನು ನೇರವಾಗಿ ಮೇಲಕ್ಕೆ ಎಸೆದರೆ, ಅದು ಏರುವಾಗ, ತುತ್ತತುದಿಯಲ್ಲಿ ಮತ್ತು ಇಳಿಯುವಾಗ ಮಾಪಕ ಎಷ್ಟು ತೋರಿಸುತ್ತದೆ?

2. ಜೋಕಾಲಿ ಒಮ್ಮೆ ಹೋಗಿ ಬರುವಷ್ಟರಲ್ಲಿ ನಕ್ಷೆಯಲ್ಲಿ ಎರಡು ಶಿಖರಗಳು ಕಾಣುತ್ತವೆ. ಏಕೆ?

3. ‘ಕೊಡೆಯಂತೆ ಹಿಡಿ’ ಎಂಬ ಕಿರು ಆಟವನ್ನು ಚಂದ್ರನ ಮೇಲೆ ಆಡಬಹುದೆ? ಅಂತರಿಕ್ಷ ನಿಲ್ದಾಣದಲ್ಲಿ ಆಡಬಹುದೆ?